ಮಂಜಿನ ನೆಲ ಡೊಂಕಿರಲಿಲ್ಲ

ಸೋಲಾಪುರ

ಹೊರದೇಶ ನೋಡಿ ಬಂದವರು ಹಿಗ್ಗಿನಿಂದ ಬರೆಯುತ್ತಾರೆ. ನಾನು ಸಿಟ್ಟಿನಿಂದ ಬರೆಯುತ್ತಿದ್ದೇನೆ. ಬಂದು ಎರಡು ತಿಂಗಳಾದರೂ ಅದು ಇಳಿದಿಲ್ಲ. ಚಾದರದ ಅಂಗಡಿಯಲ್ಲಿ ಕುಳಿತು ಗಿರಾಕಿಗಳೊಡನೆ ನಗುನಗುತ್ತ ಮಾತಾಡುತ್ತೇನೆ. ಮನೆಗೆ ಬಂದು ರೊಟ್ಟಿಗೆ ಹಿಟ್ಟು ನಾದಲು ಕುಳಿತರೆ ಸಾಕು, ಆ ಮ್ಯಾನೇಜರನ ಮುಖ ನೆನಪಾಗಿ ಹಿಟ್ಟಿಗೆ ಗುದ್ದು ಬೀಳುತ್ತದೆ. ಈಗೀಗ ರೊಟ್ಟಿ ಮೆತ್ತಗೆ ಬರುತ್ತಿವೆ ಎಂದು ನಮ್ಮ ಮನೆಯವರಿಗೆ ಖುಷಿ.

ಸಾಯಲಿ ನನ್ನ ಅಣ್ಣನ ಮಗಳು. ಸೋಲಾಪುರದ ಹತ್ತಿರದ ಹಳ್ಳಿ ಮಂದ್ರೂಪದ ಹುಡುಗಿ. ಪುಣೆಯಲ್ಲಿ ಕಾಲೇಜು ಓದುವಾಗ ಗಾಲಿ ಬೂಟು ಕಟ್ಟಿಕೊಂಡು ಓಡುತ್ತಿದ್ದವಳನ್ನು ಗೆಳತಿಯರು ಹಿಮಾಲಯದ ಕಡೆ ಒಂದು ಶಿಬಿರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅವಳಿಗೆ ಕರ್ಲಿಂಗ್ ಎಂಬ ಆಟದ ಹುಚ್ಚು ಹಿಡಿಯಿತು. ಮಂಜುಗಡ್ಡೆಯ ಉದ್ದನೆಯ ಅಂಗಳ. ಒಂದು ತುದಿಯಿಂದ ಹಿಡಿಕೆಯಿರುವ ದುಂಡನೆಯ ಕಲ್ಲನ್ನು ಜಾರಿಬಿಡಬೇಕು. ಹೆಚ್ಚುಕಡಿಮೆ ಇಪ್ಪತ್ತು ಕಿಲೋ ಕಲ್ಲು. ಇಬ್ಬರು ಅದರ ಮುಂದೆ ಬ್ರಷ್ಷಿನಿಂದ ಮಂಜನ್ನು ಉಜ್ಜುತ್ತ ಓಡುತ್ತಾರೆ. ಉಜ್ಜಿದಷ್ಟೂ ಕಲ್ಲು ಮುಂದೆ ಹೋಗುತ್ತದೆ. ಆ ತುದಿಯಲ್ಲಿ ಬರೆದ ವೃತ್ತಗಳ ನಡುಬಿಂದುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಅಂಕ. ನಾಲ್ವರು ಆಡುತ್ತಾರೆ, ಐದನೆಯವಳು ಕಾಯುತ್ತಾಳೆ. ಸಾಯಲಿ ಉಜ್ಜುವವಳು.

"ನೆಲಾ ಒರಸಾಕ ಪರದೇಶಕ್ಕ ಹೋಗಬೇಕೇನು? ಮನ್ಯಾಗ ಒರಸಂದ್ರ ಒರಸಂಗಿಲ್ಲ ಈಕಿ," ಎಂದ ಅಣ್ಣ. ಸ್ಕಾಟ್ಲೆಂಡಿನಲ್ಲಿ ಹೆಣ್ಣುಮಕ್ಕಳ ಅಂತರರಾಷ್ಟ್ರೀಯ ಸ್ಪರ್ಧೆ, ನಮ್ಮ ದೇಶದ ತಂಡದಲ್ಲಿ ಅವಳ ಹೆಸರು ಬಂದಿದೆ ಎಂದು ಹೇಳಿದಾಗಿನ ಮಾತು ಇದು. ಆಮೇಲೆ ಹಿಗ್ಗಿದ, ಊರಿಗೆಲ್ಲ ಪೇಢೆ ಹಂಚಿದ. ಆದರೆ ಷರತ್ತು ಹಾಕಿದ.

"ಹುಡುಗಿ ಒಬ್ಬಾಕಿನ್ನ ಕಳಸಂಗಿಲ್ಲ. ಮನಿ ಹೆಂಗಸು ಒಬ್ಬಾಕಿ ಜೋಡಿ ಇರಬೇಕು."

"ನೀನ ಯಾಕ ಹೋಗಬಾರದು ಅಣ್ಣಾ?"

"ನನ್ನ ಕಬ್ಬು ಕಾರಖಾನಿಗೆ ಹೋಗೂ ಟೈಮ್ ಇದು. ನೀ ಹೋಗು ಮಂಗಲಾ. ನಿನಗೇನ್ ಕೆಲಸ ಅದ?"

ಮುಂಜಾನೆ ಹತ್ತರಿಂದ ಸಂಜೆ ಎಂಟರವರೆಗೆ ಅಂಗಡಿ ನೋಡುವವಳಿಗೆ ಏನು ಕೆಲಸವಂತೆ! ಆದರೆ ಅಣ್ಣನ ಹೆಂಡತಿ ವೈನಿಗೆ ಪಾಸ್‌ಪೋರ್ಟ್ ಇರಲಿಲ್ಲ, ನನಗಿತ್ತು. ಚಾದರದ ಪ್ರದರ್ಶನಕ್ಕೆಂದು ಒಮ್ಮೆ ಗಂಡನ ಜೊತೆ ದುಬೈಗೆ ಹೋಗಿದ್ದೆ. ಹೀಗಾಗಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ನಾಲ್ಕು ಸ್ವೆಟರ್, ಜೊತೆಗೆ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಕಟ್ಟಿಕೊಂಡು ಹೊರಟೆ. ಕೊನೆಯ ಮೂರು ಅಡುಗೆಗಲ್ಲ ಎಂದು ನಮ್ಮ ಕಡೆಯ ಹೆಂಗಸರಿಗೆ ಹೇಳಬೇಕಾಗಿಲ್ಲ.

ಹೋಟೆಲು, ಮೊದಲ ಮುಂಜಾನೆ

ಅದೊಂದು ಸಣ್ಣ ಊರು. ಮುಂಜಾನೆ ಒಂಬತ್ತಾದರೂ ಬೆಳಕಿಲ್ಲ, ಮಧ್ಯಾಹ್ನ ಚಹಾ ಕುಡಿಯುವಷ್ಟರಲ್ಲಿ ಮತ್ತೆ ಕತ್ತಲೆ. ಅಲ್ಲಿಯ ಜನ ನಾವು ಡಿಕ್ಕಿ ಹೊಡೆದರೂ ತಾವೇ ಸಾರಿ ಎನ್ನುತ್ತಾರೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಾಲು ತುಳಿದವನೇ ನಮಗೆ ಬೈಯುತ್ತಾನಲ್ಲ, ಅದಕ್ಕೆ ಒಗ್ಗಿದ ನನಗೆ ಈ ಸಾರಿಗಳಿಂದ ಮೊದಲು ಗಾಬರಿಯಾಯಿತು. ನಾಯಿಗಳಿಗೆ ಕೋಟು ಹಾಕಿ ತಿರುಗಾಡಿಸುತ್ತಾರೆ, ತಾವು ಮಾತ್ರ ಆ ಚಳಿಯಲ್ಲಿ ತಲೆಗೊಂದು ಬಟ್ಟೆಯಿಲ್ಲದೆ ಐಸ್‌ಕ್ರೀಮ್ ತಿನ್ನುತ್ತಾರೆ.

ಮೊದಲ ಪಂದ್ಯಕ್ಕೆ ಮುಂಚೆ ನನ್ನ ಕೋಣೆಗೆ ಸಾಯಲಿಯನ್ನು ಕರೆದೆ. ಉಪ್ಪು, ಸಾಸಿವೆ, ಮೆಣಸಿನಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದು ಮೂರು ಸಲ ನಿವಾಳಿಸಿ ದೃಷ್ಟಿ ತೆಗೆದೆ. ಹುಡುಗಿ ನಗುತ್ತ ನಿಂತಿದ್ದಳು.

"ಆತ್ಯಾ, ಇಲ್ಲಿ ನನ್ನ ನೋಡಿ ಹೊಟ್ಟಿಕಿಚ್ಚ ಪಡೋರು ಯಾರದಾರ? ನಾವು ಕಡೀಕಿಂದ ಎರಡನೇ ನಂಬರ್."

"ಸುಮ್ನ ನಿಲ್ಲು. ಮಂದಿ ಕಣ್ಣಿಗೆ ನಂಬರ್ ಗೊತ್ತಿರಂಗಿಲ್ಲ."

ನಿವಾಳಿಸಿದ್ದನ್ನು ಬೆಂಕಿಗೆ ಹಾಕಬೇಕಲ್ಲ. ಕೋಣೆಯಲ್ಲಿ ಚಹಾ ಮಾಡಿಕೊಳ್ಳಲು ಒಂದು ಕರೆಂಟಿನ ಒಲೆಯಿತ್ತು. ಅದರ ಮೇಲೆ ಹಾಕಿದೆ. ಸಾಸಿವೆ ಚಟಪಟ ಎಂದವು, ಮೆಣಸಿನಕಾಯಿಯ ಘಾಟು ಎದ್ದಿತು, ಮರುಗಳಿಗೆಯಲ್ಲಿ ಇಡೀ ಹೋಟೆಲಿನ ಗಂಟೆಗಳು ಹೊಡೆದುಕೊಳ್ಳತೊಡಗಿದವು. ಆರು ದೇಶಗಳ ಆಟಗಾರ್ತಿಯರು, ಮುದುಕರು, ಕೋಟಿಲ್ಲದ ಒಂದು ನಾಯಿ, ಎಲ್ಲರೂ ಹಿಮದಲ್ಲಿ ಬಂದು ನಿಂತರು. ಬೆಂಕಿ ಆರಿಸುವ ಕೆಂಪು ಗಾಡಿಯೂ ಬಂತು. ಅದರಿಂದ ಇಳಿದ ಹೆಂಗಸು ಕೆಮ್ಮುತ್ತ ನನ್ನ ಕೋಣೆಯಿಂದ ಹೊರಬಂದು, ನಿಮಗೇನೂ ಆಗಿಲ್ಲವಷ್ಟೇ ಎಂದು ನನ್ನನ್ನೇ ವಿಚಾರಿಸಿದಳು.

ವಿಚಾರಿಸದವನು ನಮ್ಮವನೇ. ತಂಡದ ಮ್ಯಾನೇಜರ್. ತಾನು ಒಂದು ದಿನವೂ ಕಲ್ಲು ಮುಟ್ಟದಿದ್ದರೂ ಆಟಗಾರ್ತಿಯರಿಗಿಂತ ದೊಡ್ಡದಾಗಿ ಬೆನ್ನಿನ ಮೇಲೆ ದೇಶದ ಹೆಸರು ಬರೆಸಿಕೊಂಡ ಜಾಕೀಟು. ಎಲ್ಲರ ಮುಂದೆ ಹಿಂದಿಯಲ್ಲಿ ಕೂಗಾಡಿದ. ನಿಮ್ಮಂಥ ಹಳ್ಳಿಯವರಿಂದ ದೇಶದ ಮಾನ ಹೋಗುತ್ತದೆ ಆಂಟೀಜಿ, ಇನ್ನೊಮ್ಮೆ ಇಂಥದ್ದೇನಾದರೂ ಕಂಡರೆ ನಿಮ್ಮನ್ನೂ ನಿಮ್ಮ ಹುಡುಗಿಯನ್ನೂ ಮುಂದಿನ ವಿಮಾನಕ್ಕೆ ಹತ್ತಿಸುತ್ತೇನೆ ಎಂದ. ಮೈಯೆಲ್ಲ ಉರಿಯಿತು. ಆದರೆ ತಪ್ಪು ನನ್ನದೇ ಇತ್ತು, ನುಂಗಿಕೊಂಡೆ.

ಮಂಜಿನ ಅಂಗಳ

ಆಟದ ಶೆಡ್ಡಿನಲ್ಲಿ ನನಗೆ ಹಿಡಿಸಿದ ಒಬ್ಬನೇ ಮನುಷ್ಯನೆಂದರೆ ಮಂಜು ನೋಡಿಕೊಳ್ಳುವ ಮುದುಕ ಏಂಗಸ್. ಆಟಕ್ಕೆ ಮುಂಚೆ ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಕೈಯಲ್ಲಿ ಕೊಳವೆ ಹಿಡಿದು, ಹಿಂದಹಿಂದಕ್ಕೆ ನಡೆಯುತ್ತ ಮಂಜಿನ ಮೇಲೆ ಹನಿ ಚಿಮುಕಿಸುತ್ತಿದ್ದ. ಮಂದ್ರೂಪದಲ್ಲಿ ತೊಗರಿಗೆ ಔಷಧ ಹೊಡೆಯುವವರು ಥೇಟ್ ಹೀಗೆಯೇ ಪಂಪು ಕಟ್ಟಿಕೊಳ್ಳುತ್ತಾರೆ. ಆ ಹನಿಗಳು ಹೆಪ್ಪುಗಟ್ಟಿ ಸಣ್ಣ ಸಣ್ಣ ಉಬ್ಬುಗಳಾಗುತ್ತವೆ, ಅವುಗಳ ಮೇಲೆಯೇ ಕಲ್ಲು ಜಾರುವುದು ಎಂದು ಸಾಯಲಿ ತಿಳಿಸಿ ಹೇಳಿದಳು. ಒಂದು ಕೂದಲು, ಒಂದು ಎಳೆ ದಾರ ಬಿದ್ದರೂ ಕಲ್ಲು ದಾರಿ ತಪ್ಪುತ್ತದಂತೆ. ಅದಕ್ಕೇ ಏಂಗಸ್ ಆಟ ಮುಗಿದಾಗಲೆಲ್ಲ ಅಗಲವಾದ ಬಟ್ಟೆಯ ಕುಂಚ ತಳ್ಳಿಕೊಂಡು ಇಡೀ ಅಂಗಳ ಸವರುತ್ತಿದ್ದ. ಮೊಣಕಾಲೂರಿ ಬರಿ ಬೆರಳಿಂದ ಮುಟ್ಟಿ ನೋಡುತ್ತಿದ್ದ. ಬೀಗರು ಬರುವ ದಿನ ಪಡಸಾಲೆ ಸಾರಿಸುವ ನಮ್ಮ ಅವ್ವನ ಹಟವೇ ಅವನದು.

ನಾನು ಅವನಿಗೆ ಎರಡು ಕಡಕ್ ರೊಟ್ಟಿ ಕೊಟ್ಟೆ. ಪಾಪ, ಒಳಗೆ ತಿಂದರೆ ಚೂರು ಬೀಳುತ್ತದೆಂದು ಹೊರಗೆ ಹಿಮದಲ್ಲಿ ನಿಂತು ತಿಂದ. ಬಂದು ಹೆಬ್ಬೆರಳು ಎತ್ತಿ ತೋರಿಸಿದ.

ಆ ಆಟದವರ ರೀತಿಯೇ ಬೇರೆ. ಓಡುವ ಕಲ್ಲಿಗೆ ಬ್ರಷ್ಷು ತಾಗಿದರೆ ತಾಗಿಸಿದವಳೇ ನಿಂತು, ನನ್ನಿಂದ ತಾಗಿತು ಎಂದು ಹೇಳಬೇಕು. ಯಾರೂ ನೋಡಿರದಿದ್ದರೂ ಹೇಳಬೇಕು. ಎರಡನೆಯ ದಿನ ನಮ್ಮ ಸಾಯಲಿಯೇ ಹಾಗೆ ಹೇಳಿದಳು, ಆ ಕಲ್ಲು ಆಟದಿಂದ ಹೋಯಿತು. ನನಗೆ ಸಿಟ್ಟು ಬಂತು.

"ಯಾರೂ ನೋಡಿಲ್ಲಲ್ಲ ಹುಚ್ಚಿ, ಯಾಕ ಹೇಳ್ದಿ?"

"ನಾ ನೋಡೀನಲ್ಲ ಆತ್ಯಾ."

ನಾವು ಮೊದಲ ಎರಡು ಪಂದ್ಯ ಸೋತೆವು. ಹುಡುಗಿಯರು ವರ್ಷದಲ್ಲಿ ನಾಲ್ಕು ವಾರವೂ ಮಂಜು ಕಾಣದವರು, ಎದುರಿನವರು ತೊಟ್ಟಿಲಿನಿಂದ ಇಳಿದದ್ದೇ ಮಂಜಿನ ಮೇಲೆ. ಸೋತದ್ದರಲ್ಲಿ ನಾಚಿಕೆಯೇನಿಲ್ಲ. ಆದರೆ ಮ್ಯಾನೇಜರನಿಗೆ ಊರಿಗೆ ಹೋಗಿ ಹೇಳಲು ಕಾರಣ ಬೇಕಲ್ಲ. ಮಂಜೇ ಸರಿಯಿಲ್ಲ, ಆ ಮುದುಕನಿಗೆ ಕಣ್ಣು ಕಾಣುವುದಿಲ್ಲ ಎಂದು ಊಟದ ಮೇಜಿನಲ್ಲಿ ಶುರುವಿಟ್ಟುಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಂತೂ ಕುಣಿಯುವವನೂ ಅಲ್ಲ, ತಾಳ ಹಾಕುವವನೂ ಅಲ್ಲ.

ನಾಲ್ಕನೆಯ ದಿನ

ಆ ದಿನದ ಪಂದ್ಯ ಹಂಗೇರಿಯವರ ಜೊತೆ. ಬೆಂಕಿಯ ದಾರಿ ಮುಚ್ಚಿದ ಮೇಲೆ ನನಗೆ ಸಮಾಧಾನವಿರಲಿಲ್ಲ. ಸೋತದ್ದಕ್ಕೆ ನನ್ನ ಲೆಕ್ಕದಲ್ಲಿ ದೃಷ್ಟಿಯೇ ಕಾರಣವಾಗಿತ್ತು. ಮುಂಜಾನೆ ಸಾಯಲಿ ಸ್ನಾನಕ್ಕೆ ಹೋದಾಗ ಅವಳ ಕರವಸ್ತ್ರದ ಮೂಲೆಯಲ್ಲಿ ಒಂದು ಚಿಟಿಕೆ ಉಪ್ಪು, ಒಂದು ಚಿಟಿಕೆ ಸಾಸಿವೆ ಕಟ್ಟಿ ಜಾಕೀಟಿನ ಕಿಸೆಯಲ್ಲಿಟ್ಟೆ. ಕೂಸು ಮೊದಲ ಸಲ ಊರು ಬಿಟ್ಟು ಹೋಗುವಾಗ ಅಂಗಿಯ ಅಂಚಿಗೆ ಕಟ್ಟುತ್ತೇವಲ್ಲ, ಹಾಗೆ. ಹೇಳಿದರೆ ಬೇಡವೆನ್ನುತ್ತಾಳೆಂದು ಹೇಳಲಿಲ್ಲ.

ನಾವೆಲ್ಲ ಗಾಜಿನ ಹಿಂದಿನ ಗ್ಯಾಲರಿಯಲ್ಲಿ ಕುಳಿತಿದ್ದೆವು. ಕೊನೆಯ ಸುತ್ತಿನಲ್ಲಿ ಅಂಕ ಸಮ. ನಮ್ಮ ಕೊನೆಯ ಕಲ್ಲನ್ನು ಸಾಯಲಿ ಜೀವ ಬಿಟ್ಟು ಉಜ್ಜಿ ನಡುಬಿಂದುವಿನ ಹತ್ತಿರಕ್ಕೆ ತಂದಳು. ತಿರುಗಿ ಬರುತ್ತ ಅಂಗಳದ ನಡುವೆಯೇ ಕಿಸೆಯಿಂದ ಕರವಸ್ತ್ರ ಜಗ್ಗಿ ಮೂಗು ಒರೆಸಿಕೊಂಡಳು. ಗಂಟು ಗಟ್ಟಿ ಇದೆ, ಬಿಚ್ಚಿರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಉಳಿದದ್ದು ಹಂಗೇರಿಯವರ ಒಂದೇ ಕಲ್ಲು. ಅವರ ನಾಯಕಿ ಎತ್ತರದ, ಕೆಂಚು ಜಡೆಯ ಹುಡುಗಿ. ಬಿಟ್ಟ ಕಲ್ಲು ತೂಗಿ ಅಳೆದ ಹಾಗೆ ಮೆಲ್ಲಗೆ, ನೇರವಾಗಿ ನಮ್ಮ ಕಲ್ಲನ್ನು ದಾಟಿ ಒಳಗೆ ಹೋಗುವಂತೆ ಬರುತ್ತಿತ್ತು. ನಮ್ಮ ಹುಡುಗಿಯರು ಸೋಲೊಪ್ಪಿ ಕೈಗವಸು ಕಳಚತೊಡಗಿದ್ದರು. ಅಷ್ಟರಲ್ಲಿ ಕಲ್ಲು ಏನನ್ನೋ ಎಡವಿದಂತೆ ತಟ್ಟನೆ ಮುಗ್ಗರಿಸಿ, ಬದಿಗೆ ತಿರುಗಿ, ವೃತ್ತದ ಹೊರಗೇ ನಿಂತುಬಿಟ್ಟಿತು.

ನಾವು ಗೆದ್ದಿದ್ದೆವು. ಇದ್ದ ಒಂದೇ ಗೆಲುವು. ನಾನು ಬೆಂಚಿನ ಮೇಲೆ ಹತ್ತಿ ಕೂಗಿದೆ. ಮ್ಯಾನೇಜರ್ ಮೊಬೈಲು ಹಿಡಿದು ಯಾರಿಗೋ, ಗೆಲ್ಲಿಸಿದೆ ಸಾರ್ ಎನ್ನುತ್ತಿದ್ದ.

ಗೆದ್ದವರ ಮೇಜು

ಈ ಆಟದಲ್ಲಿ ಗೆದ್ದವರು ಸೋತವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಡಿಯಲು ಕೊಡಿಸಬೇಕು. ನಮ್ಮಲ್ಲಿ ಪಂದ್ಯ ಸೋತರೆ ಒಂದು ತಿಂಗಳು ಆ ಓಣಿಗೇ ಹೋಗುವುದಿಲ್ಲ. ಇಲ್ಲಿ ಹತ್ತು ಹುಡುಗಿಯರು ಒಂದೇ ಮೇಜಿಗೆ ಕುಳಿತು ಬಿಸಿ ಚಾಕೊಲೇಟ್ ಕುಡಿಯುತ್ತಿದ್ದರು. ನನ್ನನ್ನೂ ಕರೆದರು.

ಕೆಂಚು ಜಡೆಯವಳು ನಗುತ್ತ ಅಂಗೈ ಬಿಚ್ಚಿದಳು. ಕಲ್ಲಿನ ಅಡಿಯಲ್ಲಿ ಸಿಕ್ಕಿತಂತೆ. ಚಪ್ಪಟೆಯಾದ ಒಂದು ಕರಿ ಕಾಳು. ಇದು ನಿಮ್ಮ ಆರನೆಯ ಆಟಗಾರ್ತಿ ಎಂದು ತಮಾಷೆ ಮಾಡಿದಳು. ಎಲ್ಲರೂ ನಕ್ಕರು. ಬೂಟಿನಿಂದ ಬಂದ ಮಣ್ಣಿರಬೇಕು ಎಂದಳು ಒಬ್ಬಳು. ಮೂವತ್ತು ವರ್ಷ ಒಗ್ಗರಣೆ ಹಾಕಿದವಳಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಸಾಯಲಿ ಕಾಳನ್ನು ನೋಡಿದಳು, ನಂತರ ನನ್ನನ್ನು ನೋಡಿದಳು. ಕಿಸೆಗೆ ಕೈ ಹಾಕಿ ತಡವಿದಳು.

ಅವಳು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್ ಹಿಂದಿನಿಂದ ಬಂದು ಕಾಳನ್ನು ಎತ್ತಿಕೊಂಡ. ಕಾಗದದಲ್ಲಿ ಸುತ್ತಿಕೊಂಡು, ಇದೇ ಪುರಾವೆ ಎಂದ. ಹೊಲಸು ಮಂಜಿನಿಂದಲೇ ನಾವು ಮೊದಲ ಎರಡು ಪಂದ್ಯ ಸೋತದ್ದು, ಈಗ ಎದುರಾಳಿಗಳೇ ಒಪ್ಪಿದ್ದಾರೆ ಎಂದು ಸಂಘಟಕರಿಗೆ ದೂರು ಬರೆದ. ನನ್ನ ಸಾಸಿವೆ ಅವನ ಸಾಕ್ಷಿಯಾಯಿತು.

ಐದನೆಯ ದಿನ

ಮರುದಿನ ಮುಂಜಾನೆ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹನಿ ಹೊಡೆಯುತ್ತಿದ್ದವನು ಬೇರೆ ಯಾರೋ. ಏಂಗಸ್ ಗ್ಯಾಲರಿಯ ಕೊನೆಯ ಬೆಂಚಿನಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ಕುಳಿತಿದ್ದ. ವಿಚಾರಣೆ ಮುಗಿಯುವವರೆಗೆ ಮಂಜಿಗೆ ಇಳಿಯಬೇಡ ಎಂದಿದ್ದರಂತೆ. ನನ್ನನ್ನು ನೋಡಿ ಎಂದಿನಂತೆ ಹೆಬ್ಬೆರಳು ಎತ್ತಿದ. ನಾನು ಮುಖ ತಿರುಗಿಸಿದೆ.

ಸಾಯಲಿ ನನ್ನ ಕೈ ಹಿಡಿದು ಬಾಗಿಲಾಚೆ ಎಳೆದುಕೊಂಡು ಹೋದಳು.

"ನನ್ನ ಕಿಸೇದಾಗ ನೀನ ಇಟ್ಟಿದ್ದಿ. ಹೌದಲ್ಲೋ?"

"ನಿನ್ನ ಚಲೋಕ್ಕ ಇಟ್ಟಿದ್ದೆನವಾ..."

"ಆ ಅಜ್ಜನ ಕೆಲಸ ಹೋಗಾಕತ್ತದ ಆತ್ಯಾ! ನಾ ಹೇಳಾಕಿ."

"ಹೇಳಬ್ಯಾಡ. ಆ ಮನಷಾ ನಮ್ಮಿಬ್ಬರ್ನೂ ಮನೀಗಿ ಕಳಸ್ತಾನ. ನಿಮ್ಮಪ್ಪಗ ಏನ್ ಹೇಳ್ಲಿ ನಾ?"

"ಸಾಸ್ವಿ ಇಟ್ಟೀನಿ ಅಂತ ಹೇಳು."

ಮೊದಲು ಮ್ಯಾನೇಜರನ ಬಳಿ ಹೋದಳು. ಅವನು ಬಾಯಿ ಮುಚ್ಚು ಎಂದ. ಗೆಲುವನ್ನು ಹಾಳು ಮಾಡಬೇಡ, ದೂರು ಕೊಟ್ಟಾಗಿದೆ, ಆ ಮುದುಕ ನಿನಗೇನು ಬಂಧುವೇ ಎಂದ. ಅವಳು ಅಲ್ಲಿಂದ ನೇರವಾಗಿ ಸಂಘಟಕರ ಕೋಣೆಗೆ ನಡೆದಳು. ಬಾಗಿಲು ತೆರೆದೇ ಇತ್ತು. ಅವಳ ಇಂಗ್ಲಿಷು ನನಗೆ ಅರ್ಥವಾಗುವಷ್ಟು ಸರಳವಾಗಿತ್ತು. ಅದು ಸಾಸಿವೆ. ನನ್ನ ಕಿಸೆಯಿಂದ ಬಿತ್ತು. ತಪ್ಪು ನನ್ನದು, ಮಂಜಿನದಲ್ಲ. ಯಾರು ಇಟ್ಟದ್ದು ಎಂದು ಹೇಳಲಿಲ್ಲ.

ಅವರು ಅವಳ ಕೈ ಕುಲುಕಿದರು. ಗೆಲುವು ಗೆಲುವೇ, ಕಲ್ಲಿಗೆ ಏನಾದರೂ ಸಿಕ್ಕರೆ ಅದು ದುರ್ದೈವ ಅಷ್ಟೇ ಎಂದರು. ಅರ್ಧ ತಾಸಿನಲ್ಲಿ ಏಂಗಸ್ ಟೊಪ್ಪಿಗೆ ಹಾಕಿಕೊಂಡು ಮಂಜಿಗೆ ಇಳಿದ. ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆಯನ್ನು ನಗುತ್ತ ಹೇಳುತ್ತಿದ್ದೆ.

ಮಧ್ಯಾಹ್ನ ಮ್ಯಾನೇಜರ್ ನನ್ನ ಮುಂದೆ ಬಂದು ನಿಂತ. ಅವನ ಪಕ್ಕದಲ್ಲಿ ಸಾಯಲಿ.

"ಆಂಟೀಜಿ, ಇದು ನಿಮಗೆ ಗೊತ್ತಿತ್ತೇ? ನೀವು ಇಟ್ಟದ್ದೇ?"

ಸಾಯಲಿ ನೆಲ ನೋಡುತ್ತಿದ್ದಳು. ನಾನಿಟ್ಟೆ, ಹುಡುಗಿಗೆ ಗೊತ್ತೇ ಇರಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಹೆಚ್ಚೆಂದರೆ ನನ್ನನ್ನು ಹೊರಗೆ ಹಾಕುತ್ತಿದ್ದ. ಆದರೆ ಹಿಮದಲ್ಲಿ ನಿಂತು ತಿಂದ ಬೈಗುಳ ಕಿವಿಯಲ್ಲಿತ್ತು, ಅಣ್ಣನ ಮುಖ ಕಣ್ಣೆದುರು ಬಂತು. ನನ್ನ ನಾಲಗೆ ನನ್ನನ್ನೇ ಕೇಳದೆ ಹೊರಳಿತು.

"ನನಗ ಗೊತ್ತಿಲ್ರಿ," ಎಂದೆ.

ಸಾಯಲಿ ತಲೆ ಎತ್ತಲಿಲ್ಲ. ಮೂಢನಂಬಿಕೆಯ ಹುಡುಗಿ, ಶಿಸ್ತಿಲ್ಲ ಎಂದು ಅವನು ಹೇಳುತ್ತ ಹೋದ. ಕಾಗದದ ಮೇಲೆ ಮಾತ್ರ ಭುಜದ ನೋವು ಎಂದು ಬರೆದು ಅವಳನ್ನು ಉಳಿದ ಮೂರು ಪಂದ್ಯಗಳಿಂದ ಕೈಬಿಟ್ಟ. ಭುಜದ ನೋವಂತೆ! ಆ ಭುಜಗಳು ನಾಲ್ಕು ದಿನ ಅವನ ಮಾನವನ್ನು ಹೊತ್ತು ಉಜ್ಜಿದ್ದವು. ಐದನೆಯ ಹುಡುಗಿ ಅಳುತ್ತಲೇ ಸಾಯಲಿಯ ಜಾಗದಲ್ಲಿ ಆಡಿದಳು. ಮೂರೂ ಸೋತರು.

ಆ ಮೂರು ಪಂದ್ಯಗಳಲ್ಲಿ ಸಾಯಲಿ ಗಾಜಿಗೆ ಹಣೆ ಹಚ್ಚಿ ನಿಂತಿದ್ದಳು. ಕಲ್ಲು ಹೊರಟಾಗಲೆಲ್ಲ ಅವಳ ಎರಡೂ ಕೈ ಮುಷ್ಟಿಯಾಗಿ ಅಲ್ಲಾಡುತ್ತಿದ್ದವು, ಬ್ರಷ್ಷು ಹಿಡಿದಂತೆ. ಏಂಗಸ್ ಪ್ರತಿ ಪಂದ್ಯದ ನಂತರ ಬಂದು ಅವಳ ಪಕ್ಕ ಸುಮ್ಮನೆ ನಿಲ್ಲುತ್ತಿದ್ದ. ನಾನು ಎರಡು ಬೆಂಚು ಹಿಂದೆ ಕುಳಿತಿದ್ದೆ. ಎದ್ದು ಹೋಗಿ ಆ ಜಾಕೀಟಿನವನಿಗೆ ನಿಜ ಹೇಳಲು ಮೂರು ದಿನ ಸಮಯವಿತ್ತು. ಅವನ ಮೇಲೆ ಹಲ್ಲು ಕಡಿಯುತ್ತ ಕುಳಿತೆನೇ ಹೊರತು ಏಳಲಿಲ್ಲ. ಅವನಿಗೆ ಬೈಯುವುದು ಸುಲಭ, ಇಡೀ ದಾರಿ ಬೈಯುತ್ತಲೇ ಬಂದೆ. ಮುಂದಿನ ವರ್ಷದ ತಂಡದ ಪಟ್ಟಿ ನಾವು ಊರು ಮುಟ್ಟಿದ ವಾರದಲ್ಲೇ ಬಂತು. ಅದರಲ್ಲಿ ಅವಳ ಹೆಸರಿರಲಿಲ್ಲ.

ಅಕ್ಕಲಕೋಟ

ಸಂಕ್ರಮಣ ಮುಗಿದ ಮೇಲೆ ಅಕ್ಕಲಕೋಟದಲ್ಲಿ, ವೈನಿಯ ತವರಿನಲ್ಲಿ, ಹಳದಿ-ಕುಂಕುಮ ಇಟ್ಟುಕೊಂಡರು. ಅದರಲ್ಲಿಯೇ ಸಾಯಲಿಯ ಸತ್ಕಾರವೂ. ಅವಳು ಬರುವುದಿಲ್ಲ ಎಂದರೂ ಅಣ್ಣ ಜೀಪಿನಲ್ಲಿ ಕೂರಿಸಿಕೊಂಡು ಬಂದ. ಸಂಘಟಕರಿಗೆ ಹೇಳಿದಷ್ಟನ್ನೇ ಸಾಯಲಿ ಅಪ್ಪನಿಗೂ ಹೇಳಿದ್ದಳು. ನಾವು ಪರದೇಶದಿಂದ ಬಂದಾಗಿನಿಂದ ಅವನು ಮಗಳನ್ನು ಹುರಿದು ಮುಕ್ಕಿದ್ದ. ಇಷ್ಟು ಕಲಿತವಳಿಗೆ ಕಿಸೆಯಲ್ಲಿ ಸಾಸಿವೆ ಇಟ್ಟುಕೊಳ್ಳುವ ಬುದ್ಧಿ ಯಾಕೆ ಬಂತು ಎಂದು ದಿನಾ ಒಂದೇ ಮಾತು. ಅವಳು ಒಮ್ಮೆಯೂ ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮೂವತ್ತು ಹೆಂಗಸರು ತುಂಬಿದ ಪಡಸಾಲೆ. ಎಳ್ಳುಬೆಲ್ಲದ ತಿಳಗೂಳ ಕೈಗಿಟ್ಟು, 'ಗೋಡ್ ಬೋಲಾ', ಸಿಹಿಯಾಗಿ ಮಾತಾಡಿ, ಎಂದರು. ನನ್ನ ಬಾಯಲ್ಲಿ ಒಂದು ಸಿಹಿ ಮಾತೂ ಇರಲಿಲ್ಲ. ಸಾಯಲಿಗೆ ಕುಂಕುಮ ಹಚ್ಚುತ್ತ ವೈನಿಯ ಅಕ್ಕ ಎಲ್ಲರಿಗೂ ಕೇಳುವಂತೆ ನಕ್ಕಳು.

"ನಮ್ಮ ಪೋರಿ ಆಟದಾಗ ಒಗ್ಗರಣಿ ಹಾಕಾಕ ಸಾಸ್ವಿ ಒಯ್ದಿತ್ತಂತ್ರಿ! ಇಷ್ಟ್ ಶಾಣ್ಯಾಕಿ ಆಗಿ ಏನ್ ಮೂರ್ಖತನ ಇದು!"

ಪಡಸಾಲೆ ತುಂಬ ನಗು. ಸಾಯಲಿಯೂ ತುಟಿ ಬಿಗಿದು ನಕ್ಕಳು. ಆ ನಗು ನೋಡಿ ಎದ್ದು ನಿಂತೆ. ಬಾಗಿಲ ಹೊರಗೆ ಕುಳಿತ ಅಣ್ಣನಿಗೂ ಕೇಳಬೇಕೆಂದು ಗಟ್ಟಿಯಾಗಿಯೇ ಹೇಳಿದೆ.

"ಆಕಿ ಒಯ್ದಿಲ್ರಿ. ಆಕಿಗಿ ಗೊತ್ತಿಲ್ಲದಂಗ ನಾ ಇಟ್ಟಿದ್ದೆ. ಅವರು ಕೇಳಿದಾಗ ನನಗ ಗೊತ್ತಿಲ್ಲಂತ ಸುಳ್ಳು ಹೇಳೀನಿ. ನನ್ನ ಸಲುವಾಗಿ ಆಕೀನ್ನ ಆಟದಿಂದ ತಗದಾರ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ನಿಂತಿದ್ದೆ. ವೈನಿಯ ಅಕ್ಕ ನನ್ನ ಗದ್ದ ಹಿಡಿದಳು.

"ಅಯ್ಯ, ದೃಷ್ಟಿ ಆಗಬಾರದಂತ ಇಟ್ಟೀರಿ, ಅದರಾಗೇನ್ ತಪ್ಪು? ಎಷ್ಟ್ ಮಾಯಾ ನೋಡ್ರಿ ಆತ್ಯಾಗ!"

ಹುಡುಗಿ ಇಟ್ಟಾಗ ಮೂರ್ಖತನವಾಗಿದ್ದದ್ದು ನಾನಿಟ್ಟಾಗ ಮಮತೆಯಾಯಿತು. ಸುಳ್ಳಿನ ಮಾತು ಯಾರ ಕಿವಿಗೂ ಬೀಳಲಿಲ್ಲ. ನನಗೆ ಕುಂಕುಮ ಹಚ್ಚಿದರು, ಉಡಿ ತುಂಬಿದರು, ಸಾಯಲಿಗೆಂದು ತಂದ ಹಾರಗಳಲ್ಲಿ ಒಂದನ್ನು ನನ್ನ ಕೊರಳಿಗೆ ಹಾಕಿದರು. ಅಣ್ಣ ಹೊಸ್ತಿಲಲ್ಲಿ ಬಂದು ನಿಂತು, "ಹೋಗ್ಲಿ ಬಿಡು ಮಂಗಲಾ, ಆಟ ಏನ್ ಓಡಿ ಹೋಗ್ತದೇನು?" ಎಂದ. ಬೇಡ ಬೇಡವೆಂದು ಕೈ ತಳ್ಳಿ ನಾನು ಅಂಗಳಕ್ಕೆ ಬಂದೆ.

ಸಾಯಲಿ ಅಲ್ಲಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ಹೇಳಿದೆನವಾ. ಎಲ್ಲಾರ ಮುಂದ ಹೇಳಿದೆ," ಎಂದೆ.

ಅವಳು ನೆಟ್ಟಗೆ ನಿಂತು ನನ್ನ ಕೊರಳ ಹಾರವನ್ನು ನೋಡಿದಳು.

"ಕೇಳಸ್ತು ಆತ್ಯಾ. ಇಲ್ಲಿ ಹೇಳಿದ್ದಕ್ಕ ನಿನಗ ಹಾರ ಬಿತ್ತು. ಅಲ್ಲಿ ಹೇಳಿದ್ದಿದ್ರ ನಾ ಆಡ್ತಿದ್ದೆ."